ನೀಲಿ ಪಟ್ಟಿ ಕಿತ್ತ ಮೇಲೆ

ಆಷಾಢದ ಮಳೆ ಎಕ್ಕಂಬಿಯ ಹೆಂಚಿನ ಮಾಡುಗಳ ಮೇಲೆ ಬಿಡದೆ ಹುಯ್ಯುತ್ತಿದೆ. ಜಗಲಿಯಲ್ಲಿ ಕೂತ ಅಜ್ಜಿ ಕಿವಿಯ ಮಷೀನು ತೆಗೆದು ನಿಮ್ಮ ಅಂಗೈಗಿಡುತ್ತಾರೆ. "ತಮಾ, ಎಂತದೂ ಕೇಳ್ತಿಲ್ಲೆ. ಬೇರೆ ಶೆಲ್ ಹಾಕ್ಕೊಡು."

ಶಿರಸಿಯಿಂದ ತಂದ ಪ್ಯಾಕೆಟ್ಟಿನಲ್ಲಿ ಅಂಗಿ ಗುಂಡಿಯಷ್ಟೇ ಅಗಲದ ಶೆಲ್‌ಗಳು, ನಂಬರು 675. ಬೆನ್ನಿಗೆ ನೀಲಿ ಪಟ್ಟಿ. ಒಂದನ್ನು ಕೀಳಿ, ಅಡಿಯಲ್ಲಿ ಸೂಜಿಮೊನೆಯಂಥ ತೂತುಗಳಿವೆ. ಕೂಡಲೇ ಮಷೀನಿಗೆ ತುರುಕಬೇಡಿ. ಒಂದೆರಡು ನಿಮಿಷ ಅದು ಗಾಳಿ ಕುಡಿಯಲಿ.

ಅಷ್ಟರಲ್ಲಿ ನೀವೂ ಆ ತೂತಿನೊಳಗೆ ಇಳಿಯಿರಿ, ಒಂದು ಆಮ್ಲಜನಕದ ಅಣುವಿನ ಬೆನ್ನು ಹಿಡಿದು. ಮೊದಲು ಟೆಫ್ಲಾನಿನ ತೆಳು ಪೊರೆ: ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಅದರಾಚೆ ಇಂಗಾಲ, ಮೈಯೆಲ್ಲ ತೂತು. ಅಗಲವಾದ ಓಣಿ, ಅದರಿಂದ ಕವಲೊಡೆದ ಸಂದಿ, ಸಂದಿಯ ಗೋಡೆಯಲ್ಲಿ 2 ನ್ಯಾನೋಮೀಟರಿಗಿಂತ ಕಿರಿದಾದ ಬಿಲ. ಚೆನ್ನಾಗಿ ಹದಗೊಳಿಸಿದ ಇಂಗಾಲವಾದರೆ ಒಂದೇ ಗ್ರಾಮಿನ ಒಳಮೈ 1000 ಚದರ ಮೀಟರ್ ದಾಟುತ್ತದೆ. ಹತ್ತು ಗುಂಟೆ ತೋಟ!

ಇಗೋ, ಗೋಡೆ ಒದ್ದೆಯಾಯಿತು. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕ್ಷಾರ ಒಳಗಿನಿಂದ ಇಲ್ಲಿಯವರೆಗೆ ಬಂದು ನಿಂತಿದೆ. ಗಾಳಿ, ನೀರು, ಇಂಗಾಲ ಮೂರೂ ತಾಗುವ ಈ ಅಂಚಿನಲ್ಲೇ ಕೆಲಸ ಆಗಬೇಕು. ಆಮ್ಲಜನಕದ ಜೋಡಿ ಪರಮಾಣುಗಳು ಒಂದನ್ನೊಂದು ಸುಲಭಕ್ಕೆ ಬಿಡುವ ಜಾತಿಯವಲ್ಲ. ಇಂಗಾಲದಲ್ಲಿ ಬೆರೆತ ಮ್ಯಾಂಗನೀಸ್ ಆಕ್ಸೈಡ್ ಅಣುವನ್ನು ಹಿಡಿದು ಸಡಿಲಿಸುತ್ತದೆ. ನಾಲ್ಕು ಎಲೆಕ್ಟ್ರಾನುಗಳು ಸಿಕ್ಕರೆ ಕೆಲಸ ಪೂರ್ತಿ. ಎರಡಕ್ಕೇ ನಿಂತರೆ ಪೆರಾಕ್ಸೈಡ್ ಎಂಬ ಅರೆಬೆಂದ ಪದಾರ್ಥ. ಲೆಕ್ಕದಲ್ಲಿ ಸುಮಾರು 1.65 ವೋಲ್ಟ್ ಕೊಡಬೇಕಾದ ಈ ಸತು-ಗಾಳಿ ಶೆಲ್ 1.4ರ ಆಸುಪಾಸಿಗೆ ಇಳಿಯುವುದು ಬಹುಪಾಲು ಈ ಹೆಣಗಾಟದಿಂದಲೇ.

ಪ್ಲಾಟಿನಂ ಇನ್ನೂ ಚುರುಕು, ಆದರೆ ಅಜ್ಜಿಯ ಶೆಲ್‌ಗೆ ಅದನ್ನು ಹಾಕುವವರು ಯಾರು? 2009ರಲ್ಲಿ ಅಮೆರಿಕದಲ್ಲಿ ಲಿಮಿಂಗ್ ದಾಯ್ ಅವರ ತಂಡ, ಸಾರಜನಕ ಬೆರೆತ ಇಂಗಾಲದ ನಳಿಕೆಗಳು ಕ್ಷಾರದಲ್ಲಿ ಪ್ಲಾಟಿನಂ ಅನ್ನೂ ಮೀರಿಸಬಲ್ಲವೆಂದು ತೋರಿಸಿತು. ಆಮೇಲೆ ತೆಂಗಿನ ಚಿಪ್ಪು, ಭತ್ತದ ಹೊಟ್ಟು ಎನ್ನದೆ ಎಲ್ಲವನ್ನೂ ಸುಟ್ಟು ನೋಡುವ ಲ್ಯಾಬುಗಳು ಹೆಚ್ಚಿದವು. ಈ ಮನೆಯ ಹಿತ್ತಿಲಲ್ಲಿರುವ ಅಡಿಕೆ ಸಿಪ್ಪೆಯನ್ನೂ ಕ್ಷಾರ ಬೆರೆಸಿ, ಗಾಳಿ ತಾಗದಂತೆ 700–800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ತೂತಿನ ಇಂಗಾಲವಾಗುತ್ತದೆ. ಆದರೆ ಈ ವರ್ಷದ ಸಿಪ್ಪೆಗೂ ಬರುವ ವರ್ಷದ್ದಕ್ಕೂ ಒಂದೇ ಗುಣ ಬರಬೇಕಲ್ಲ? ಲ್ಯಾಬಿನ ಉತ್ಸಾಹ ಕುಂಟುವುದು ಅಲ್ಲೇ ಅನ್ನಿಸುತ್ತದೆ ನನಗೆ. ಸದ್ಯಕ್ಕೆ ಸಿಪ್ಪೆ ಬಚ್ಚಲ ಒಲೆಗೇ.

ಮಲೆನಾಡಿನ ಮಳೆಗಾಲವಂತೂ ಈ ಶೆಲ್‌ಗೆ ಆಗಿಬರುವುದಿಲ್ಲ. ಕ್ಷಾರ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸಂದಿಗಳಲ್ಲಿ ನೀರು ತುಂಬಿದರೆ ಆಮ್ಲಜನಕಕ್ಕೆ ದಾರಿ ಕಟ್ಟಿತು. ಒಣ ಬೇಸಿಗೆಯಲ್ಲಿ ಅದೇ ನೀರು ಆರುತ್ತದೆ. ಪಟ್ಟಿ ಕಿತ್ತ ಶೆಲ್ ಮಷೀನಿನಲ್ಲಿದ್ದರೂ ಡಬ್ಬಿಯಲ್ಲಿದ್ದರೂ ಸವೆಯುತ್ತಲೇ ಇರುತ್ತದೆ, ಆದ್ದರಿಂದ ಉಳಿದವುಗಳ ಪಟ್ಟಿ ಮುಟ್ಟಬೇಡಿ.

ಸಾಕು, ಹಾಕಿ. ಮಷೀನು ಕುಂಯ್ ಎನ್ನುತ್ತದೆ. "ಕೇಳ್ತಾ ಅಜ್ಜಿ?" ಎಂದು ನೀವು ಅರಚುತ್ತೀರಿ. "ಕೂಗಡ ಮಾರಾಯ, ಕೇಳ್ತು!"

ಕೈಯಲ್ಲುಳಿದ ಹಳೆಯ ಶೆಲ್ ಹೊಸದಾಗಿದ್ದಾಗಿನದಕ್ಕಿಂತ ಕೊಂಚ ಭಾರವಾಗಿರಬೇಕು. ಒಳಗಿನ ಸತು ತಾನು ಸವೆದಂತೆಲ್ಲ ಆಮ್ಲಜನಕವನ್ನು ಕಟ್ಟಿಕೊಂಡಿದೆ, ಪ್ರತಿ 65 ಗ್ರಾಂಗೆ 16 ಗ್ರಾಂ ಲೆಕ್ಕದಲ್ಲಿ. ತೂಗಿ ನೋಡೋಣವೆಂದರೆ ಈ ಮನೆಯಲ್ಲಿರುವುದು ಅಡಿಕೆ ಮೂಟೆ ತೂಗುವ ತಕ್ಕಡಿ.