ಒಂದೇ ಊರು, ಬೇರೆ ಬೇರೆ ಕೂಲಿ

ಪಾವಗಡದಿಂದ ಹೊರಟು ಮಧುಗಿರಿ, ಕೊರಟಗೆರೆಗಳ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸುಗಳನ್ನು ನಮ್ಮ ಕಡೆಯ ಗೃಹಸ್ಥರೆಲ್ಲರೂ ಬಲ್ಲರು. ಶಿರಾದವರಿಗಂತೂ ಹೆದ್ದಾರಿಯು ಬಾಗಿಲಲ್ಲಿಯೇ ಇರುವುದು. ಮಳೆ ತಪ್ಪಿ ಕಡಲೆಕಾಯಿ ಕೈಗೆ ಹತ್ತದ ವರ್ಷ ಈ ಬಸ್ಸುಗಳಲ್ಲಿ ಗಂಟುಮೂಟೆಗಳೂ ಮಕ್ಕಳೂ ಹೆಚ್ಚುವುವು. “ಪಾಪ, ಬಡವರು; ಪಟ್ಟಣದಲ್ಲಿ ನಾಲ್ಕು ಕಾಸು ಕಾಣಲಿ” ಎಂದು ಜನರು ಹೇಳುವುದುಂಟು. ಹೋದವರೆಲ್ಲರೂ ಒಂದೇ ಬಗೆಯ ಬಡವರೆಂದು ಈ ಮಾತಿನ ಭಾವ. ನಿಜವು ಹಾಗಿಲ್ಲ.

ಎರಡು ವರ್ಷಗಳ ಕೆಳಗೆ ನನ್ನ ಮಗಳು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗ ನಾನು ಕೆಲವು ತಿಂಗಳು ಅಲ್ಲಿದ್ದೆನು. ಕೆಲಸಗಾರರಲ್ಲಿ ಮೂವರು ಪಾವಗಡದ ಸೀಮೆಯ ಒಂದೇ ಊರಿನವರು. ಒಬ್ಬ ಹುಡುಗನು ಐ.ಟಿ.ಐ. ಓದಿ, ವಿದ್ಯುತ್ತಿನ ತಂತಿಯ ಕೆಲಸವನ್ನು ತಾನೇ ಒಪ್ಪಿಕೊಂಡು ಮಾಡುತ್ತಿದ್ದನು. ಉಳಿದಿಬ್ಬರು ಗಂಡಹೆಂಡಿರು; ಮೇಸ್ತ್ರಿಯಿಂದ ಮುಂಗಡ ಪಡೆದು ಬಂದವರು. ಗಂಡನು ಗಾರೆ ಕಲಸುವನು, ಹೆಂಡತಿಯು ಬಾಂಡಲಿ ಹೊರುವಳು. ಅವಳ ಕೂಲಿ ಅವನದಕ್ಕಿಂತ ಮೂರರಲ್ಲೊಂದು ಪಾಲು ಕಡಮೆ. ಅದೂ ಅವಳ ಕೈಗೆ ಬಾರದು. ಶನಿವಾರದ ಬಟವಾಡೆಯಲ್ಲಿ ಮೇಸ್ತ್ರಿಯು ಮುಂಗಡವನ್ನು ಮುರಿದುಕೊಂಡು ಮಿಕ್ಕುದನ್ನು ಗಂಡನಿಗೆ ಎಣಿಸಿಕೊಡುವನು. “ನಿನ್ನ ಲೆಕ್ಕವೆಷ್ಟಮ್ಮಾ?” ಎಂದು ಕೇಳಿದೆನು. “ನಂದು ಅಂತ ಬೇರೆ ಲೆಕ್ಕ ಎಲ್ಲೈತಮ್ಮ? ಪುಸ್ತಕದಾಗೆ ಒಂದೇ ಹೆಸರು, ನಮ್ಮೆಜಮಾನ್ರದು” ಎಂದಳು.

ಒಂದೇ ಊರಿನವರಲ್ಲಿ ಈ ಅಂತರವೇಕೆ? ಅದು ಪಟ್ಟಣದಲ್ಲಿ ಹುಟ್ಟಿದುದಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರವಿದ್ಯುತ್ತಿನ ಸ್ಥಾವರವೆದ್ದಿರುವುದಷ್ಟೆ. 2018ರಲ್ಲಿ ಆರಂಭವಾಗಿ, 2019ರ ಕೊನೆಗೆ ಅದರ ಶಕ್ತಿ 2,050 ಮೆಗಾವಾಟ್ ಆಯಿತು. ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಮೊದಲುಮಾಡಿ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ಹೆಸರಿದ್ದವರಿಗೆ, ಮಳೆ ಬಂದರೂ ಬಾರದಿದ್ದರೂ, ಹಣ ಬರುವುದು. ಆ ಹುಡುಗನ ಓದು ಇಂತಹ ಗುತ್ತಿಗೆಯ ಹಣದಿಂದ ನಡೆದಿತ್ತು. ಅವನ ತಂದೆಯ ಹೊಲದಲ್ಲಿ ಕಳೆ ಕೀಳುತ್ತ, ಕಾಯಿ ಬಿಡಿಸುತ್ತ ಇದ್ದವರು ಈ ದಂಪತಿಗಳೇ. ಹೊಲವು ಹೋದೊಡನೆ ಅವರ ಕೂಲಿಯೂ ಹೋಯಿತು, ಪಹಣಿಯಿಲ್ಲದವರಿಗೆ ಗುತ್ತಿಗೆಯೆಲ್ಲಿಯದು?

ಶಾಸನಗಳಿಗೇನೂ ಕೊರತೆಯಿಲ್ಲ. ಗಂಡಿಗೂ ಹೆಣ್ಣಿಗೂ ಸಮಾನ ವೇತನವೆಂದು 1976ರಲ್ಲಿಯೇ ಕಾಯಿದೆಯಾಯಿತು. ಕಲಸುವುದು ಬೇರೆ, ಹೊರುವುದು ಬೇರೆಯೆಂದು ಮೇಸ್ತ್ರಿಯ ವಾದ. 1979ರ ವಲಸೆ ಕಾರ್ಮಿಕರ ಕಾಯಿದೆಯು ರಾಜ್ಯದ ಗಡಿ ದಾಟಿದವರನ್ನು ಕುರಿತದ್ದು. ಪಾವಗಡದಿಂದ ಬೆಂಗಳೂರಿಗೆ ಬಂದವರು ಅದರೊಳಗೆ ಬರಲಿಲ್ಲ. 1996ರ ಕಾಯಿದೆಯಂತೆ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ದಾಖಲುಮಾಡಿಸಿ ಪಿಂಚಣಿ, ಹೆರಿಗೆಯ ನೆರವು ಮೊದಲಾದುವನ್ನು ಪಡೆಯಬಹುದಾಯಿತು. ಪುಸ್ತಕದಲ್ಲಿ ಹೆಸರೇ ಇಲ್ಲದವಳು ತೊಂಬತ್ತು ದಿನಗಳನ್ನು ಯಾರ ಮುಂದೆ ಎಣಿಸಿ ತೋರಿಸಬೇಕು?

ಮುಂದಿನ ಶನಿವಾರ ಮಗಳು ಮೇಸ್ತ್ರಿಯನ್ನು ಕರೆದು, ಆಕೆಯ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯಿಸಿ, ಕೂಲಿಯನ್ನು ಆಕೆಯ ಕೈಗೇ ಕೊಡಿಸಿದಳು. ಮೇಸ್ತ್ರಿಯು ಗೊಣಗಿದನು, ಗಂಡನು ಮಾತನಾಡಲಿಲ್ಲ. ಕೂಲಿಯ ದರವಂತೂ ಏರಲಿಲ್ಲ. ಆದರೂ ಹೆಸರು ಬರೆದ ಮೇಲೆ ಕೇಳುವ ಹಕ್ಕೊಂದು ಉಳಿಯುವುದು. ಮನೆ ಕಟ್ಟಿಸುವ ಗೃಹಸ್ಥರು ಇಟ್ಟಿಗೆಯ ಲೆಕ್ಕವನ್ನು ದಿನವೂ ನೋಡುವರು. ವಾರಕ್ಕೊಮ್ಮೆ ಬಟವಾಡೆಯ ಪುಸ್ತಕವನ್ನೂ ತೆರೆದು, ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳಿವೆಯೇ ಎಂದು ನೋಡುವುದು ಅವರಿಗೆ ಭಾರವಾಗಲಾರದು.