ಕಾಲುವೆ ಹೆಪ್ಪುಗಟ್ಟುವುದನ್ನು ಕಾಯುವ ಊರು

ಕೆನಡದ ರಾಜಧಾನಿ ಒಟ್ಟಾವಾದಲ್ಲಿ ಓದುತ್ತಿದ್ದ ನಮ್ಮ ಮಗಳದು ಆರು ತಿಂಗಳಿಂದ ಒಂದೇ ಹಟ. “ಅಪ್ಪ, ಬೇಸಿಗೆಯಲ್ಲಿ ಎಲ್ಲರೂ ಬರುತ್ತಾರೆ. ನೀವಿಬ್ಬರೂ ಚಳಿಗಾಲದಲ್ಲೇ ಬನ್ನಿ, ಕಾಲುವೆಯ ಮೇಲೆ ಸ್ಕೇಟಿಂಗ್ ಮಾಡಿಸ್ತೀನಿ.” ಹಾಸನದ ಮಾಗಿ ಚಳಿಗೇ ಎರಡು ಕಂಬಳಿ ಹೊದೆಯುವ ನಾವು ಧೈರ್ಯ ಮಾಡಿ 2023ರ ಫೆಬ್ರುವರಿಯಲ್ಲಿ ಹೋದೆವು. ಕಾಲುವೆಯ ದಡದಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಯಾರೂ ಇಳಿಯಬಾರದು ಎಂದು ಅದರ ಅರ್ಥ. ನಾವಿದ್ದ ಎರಡು ವಾರವೂ ಅದೇ ಬಾವುಟ. ಊರಿಗೆ ಮರಳಿದ ಮೇಲೆ ಮಗಳು ಫೋನು ಮಾಡಿ ಹೇಳಿದಳು: ಆ ವರ್ಷ ಕಾಲುವೆ ತೆರೆಯುವುದೇ ಇಲ್ಲವಂತೆ. 1971ರಲ್ಲಿ ಈ ಜಾರುದಾರಿ ಶುರುವಾದ ಮೇಲೆ ಹಾಗಾದದ್ದು ಅದೇ ಮೊದಲು.

ರಿಡೋ ಕಾಲುವೆಯನ್ನು ತೋಡಿದ್ದು ಆಟಕ್ಕಲ್ಲ, ಯುದ್ಧದ ಭಯಕ್ಕೆ. ಅಮೆರಿಕದವರು ಸೇಂಟ್ ಲಾರೆನ್ಸ್ ನದಿಯ ದಾರಿಯನ್ನು ಕಡಿದುಹಾಕಿದರೆ ಸೈನ್ಯಕ್ಕೆ ಬೇರೆ ಜಲಮಾರ್ಗ ಬೇಕೆಂದು ಬ್ರಿಟಿಷರು 1826ರಲ್ಲಿ ಕೆಲಸ ಆರಂಭಿಸಿ 1832ರಲ್ಲಿ ಮುಗಿಸಿದರು. ಒಟ್ಟಾವಾದಿಂದ ಕಿಂಗ್‌ಸ್ಟನ್‌ವರೆಗೆ 202 ಕಿಲೋಮೀಟರ್. ತೋಡಿದ ಕೂಲಿಗಳಲ್ಲಿ ಎಷ್ಟೋ ಮಂದಿ ಸತ್ತದ್ದು ಮಲೇರಿಯಾದಿಂದ! ಆ ಚಳಿ ದೇಶದಲ್ಲಿ ಮಲೇರಿಯಾವೇ ಎಂದು ನನ್ನಾಕೆ ಇಂದಿಗೂ ನಂಬುವುದಿಲ್ಲ. ಕಟ್ಟಿಸಿದ ಕರ್ನಲ್ ಜಾನ್ ಬೈಗೆ ಸಿಕ್ಕಿದ್ದು ಸನ್ಮಾನವಲ್ಲ, ಖರ್ಚು ಮೀರಿತೆಂಬ ಆಪಾದನೆ. ನಿರೀಕ್ಷಿಸಿದ ಯುದ್ಧವಂತೂ ಬರಲೇ ಇಲ್ಲ. 2007ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ನಗರದೊಳಗಿನ 7.8 ಕಿಲೋಮೀಟರ್ ಮಾತ್ರ ಚಳಿಗಾಲದಲ್ಲಿ ಜಾರುದಾರಿ. ನೀರು ತಾನಾಗಿ ಹೆಪ್ಪುಗಟ್ಟುತ್ತದೆ, ಜನ ಜಾರುತ್ತಾರೆ ಎಂದುಕೊಂಡಿದ್ದೆ. ಅಷ್ಟು ಸುಲಭವಲ್ಲ. ಶರತ್ಕಾಲದಲ್ಲಿ ಕಾಲುವೆಯ ನೀರನ್ನು ತಗ್ಗಿಸುತ್ತಾರೆ. ಆಮೇಲೆ ಮೈನಸ್ 10ರಿಂದ 20 ಡಿಗ್ರಿಯ ಚಳಿ ಬಿಡದೆ ಎರಡು ವಾರದಷ್ಟಾದರೂ ಬೇಕು. ಮಂಜುಗಡ್ಡೆಯ ಮೇಲೆ ಹಿಮ ಬಿದ್ದರೆ ಕೆಟ್ಟಿತು. ಹಿಮ ಕಂಬಳಿ ಹೊದಿಸಿದ ಹಾಗೆ ಚಳಿಯನ್ನು ಕೆಳಗಿಳಿಯಲು ಬಿಡುವುದಿಲ್ಲ, ಗಡ್ಡೆ ದಪ್ಪವಾಗುವುದಿಲ್ಲ. ಆದ್ದರಿಂದ ಹಿಮವನ್ನು ಗುಡಿಸುತ್ತಲೇ ಇರಬೇಕು. ರಾತ್ರಿ ನೀರನ್ನೆತ್ತಿ ಮೇಲೆ ಹರಿಸಿ ನುಣುಪು ಮಾಡುತ್ತಾರೆ. ಅಲ್ಲಲ್ಲಿ ಕೊರೆದು ತುಂಡು ತೆಗೆದು ಅಳೆಯುತ್ತಾರೆ. ಸುಮಾರು 30 ಸೆಂಟಿಮೀಟರ್ ಗಟ್ಟಿ ಗಡ್ಡೆ ಸಿಕ್ಕಿದರೆ ಹಸಿರು ಬಾವುಟ. 1971ರ ಜನವರಿಯಲ್ಲಿ ಮೊದಲು ತೆರೆದಾಗ ಇದ್ದ ಸಲಕರಣೆ ಬರೀ ಪೊರಕೆ, ಸಲಿಕೆ. ಈಗ ಯಂತ್ರಗಳಿವೆ, ಆದರೆ ಚಳಿಯನ್ನು ತರುವ ಯಂತ್ರ ಇಲ್ಲ. 2024ರಲ್ಲಿ ಎಲ್ಲ ಸೇರಿ ಹತ್ತೇ ದಿನ ತೆರೆದಿತ್ತು.

ಮಗಳ ಓದು ಮುಗಿಯುವ ಮೊದಲು ಇನ್ನೊಮ್ಮೆ ನೋಡೋಣವೆಂದು 2025ರ ಜನವರಿ ಕೊನೆಯಲ್ಲಿ ಹೊರಟೆವು. ಈ ಸಲ ಹಸಿರು ಬಾವುಟ! ಪ್ರವೇಶಕ್ಕೆ ಕಾಸಿಲ್ಲ. ಸ್ಕೇಟು ಬಾಡಿಗೆಗೆ ಸಿಗುತ್ತದೆ. ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ವಿದ್ಯಾರ್ಥಿಗಳು ಕಾರ್ಲ್ಟನ್ ವಿಶ್ವವಿದ್ಯಾಲಯದ ಕಡೆಗೆ ಜಾರಿಕೊಂಡೇ ಹೋಗುವುದನ್ನು ಕಣ್ಣಾರೆ ಕಂಡೆವು. ನಾನು ಮೊದಲ ಹತ್ತು ಹೆಜ್ಜೆಯಲ್ಲಿ ನಾಲ್ಕು ಸಲ ಬಿದ್ದೆ. ಐದರ ಪ್ರಾಯದ ಹುಡುಗನೊಬ್ಬ ನಿಂತು ನೋಡಿ, ತಾನೂ ಒಂದು ಸಲ ಬಿದ್ದು ತೋರಿಸಿ, ಏಳುವುದು ಹೀಗೆ ಎಂದು ಮಂಡಿಯೂರಿ ಎದ್ದ. ಅವನೇ ನನ್ನ ಗುರು. ನನ್ನಾಕೆ ಮಾತ್ರ ತನ್ನ ಬೂಟಿನಲ್ಲೇ ಅಂಚಿನಲ್ಲಿ ನಡೆಯುತ್ತ ಬಂದು, ಬೀವರ್ ಟೇಲ್ ಅಂಗಡಿಯ ಮುಂದೆ ನಿಂತಳು. ಗೋಧಿ ಹಿಟ್ಟನ್ನು ಉದ್ದಕ್ಕೆ ಎಳೆದು ಎಣ್ಣೆಯಲ್ಲಿ ಕರಿದು ದಾಲ್ಚಿನ್ನಿ, ಸಕ್ಕರೆ ಉದುರಿಸಿದ ತಿಂಡಿ. “ನಮ್ಮ ಪೂರಿಯೇ, ಸ್ವಲ್ಪ ದಪ್ಪ” ಎಂದಳು.

ಫೆಬ್ರುವರಿಯಲ್ಲಿ ‘ವಿಂಟರ್‌ಲೂಡ್’ ಎಂಬ ಉತ್ಸವ. 1979ರಿಂದ ನಡೆದು ಬಂದಿದೆ. ಮಂಜುಗಡ್ಡೆಯ ಶಿಲ್ಪಗಳು, ಮಕ್ಕಳಿಗೆ ಹಿಮದ ಜಾರುಬಂಡೆ. ನದಿ ದಾಟಿದರೆ 361 ಚದರ ಕಿಲೋಮೀಟರಿನ ಗಟಿನೋ ಉದ್ಯಾನ. ಸ್ಕೀ ಬಾರದವರು ಹಿಮದಲ್ಲಿ ಕಾಲು ಹೂತುಹೋಗದಂತೆ ಅಗಲವಾದ ಪಾದರಕ್ಷೆ ಕಟ್ಟಿಕೊಂಡು ನಡೆಯಬಹುದು. ಚಳಿಯೇ ಬೇಡವೆಂದರೆ ಮೇ ತಿಂಗಳಲ್ಲಿ ಟ್ಯುಲಿಪ್ ಹೂಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ಆಶ್ರಯ ಪಡೆದ ನೆದರ್‌ಲೆಂಡ್ಸ್ ರಾಜಕುಮಾರಿ ಜೂಲಿಯಾನಾಗೆ 1943ರಲ್ಲಿ ಹೆಣ್ಣು ಮಗುವಾಯಿತು. ಮಗು ಪೂರ್ತಿ ಡಚ್ ಪ್ರಜೆಯಾಗಲೆಂದು ಹೆರಿಗೆಯ ಕೋಣೆಯನ್ನೇ ಕೆನಡದ ನೆಲವಲ್ಲವೆಂದು ಘೋಷಿಸಿದ್ದರು! ಕೃತಜ್ಞತೆಯಾಗಿ 1945ರಲ್ಲಿ ಡಚ್ಚರು ಒಂದು ಲಕ್ಷ ಗೆಡ್ಡೆ ಕಳಿಸಿದರು. ಉಡುಗೊರೆ ಆಮೇಲೂ ಬರುತ್ತಲೇ ಇದೆ.

ಮಕ್ಕಳನ್ನು ಅಲ್ಲಿ ಓದಲು ಕಳಿಸುವವರಿಗೆ ಒಂದೆರಡು ಮಾತು. ಮೈಗಂಟಿದ ಬಟ್ಟೆ ಹತ್ತಿಯದಾಗಬಾರದು, ಬೆವರಿ ಒದ್ದೆಯಾದರೆ ಚಳಿ ಹಿಡಿದುಕೊಳ್ಳುತ್ತದೆ. ಬೆರಳು ಬಿಡಿಬಿಡಿಯಾದ ಗವುಸಿಗಿಂತ ಎಲ್ಲ ಬೆರಳೂ ಕೂಡಿರುವ ಗವುಸು ಬೆಚ್ಚಗೆ. ಮೂಗು, ಕಿವಿ ಬೆಳ್ಳಗಾಗಿ ಮರಗಟ್ಟಿದರೆ ಉಜ್ಜದೆ ಕೂಡಲೇ ಒಳಗೆ ಹೋಗಬೇಕು. ದಪ್ಪ ಕೋಟನ್ನು ಇಲ್ಲಿಂದ ಹೊರಿಸಬೇಡಿ. ನಾವು ಬೆಂಗಳೂರಿನಲ್ಲಿ ಕೊಂಡದ್ದು ಅಲ್ಲಿನ ಗಾಳಿಗೆ ಒಂದು ದಿನವೂ ತಡೆಯಲಿಲ್ಲ.

ಟಿಕೆಟ್ಟು ಕೊಳ್ಳುವಾಗ ಮಾತ್ರ ಕಾಲುವೆಯೊಂದನ್ನೇ ನಂಬಿಕೊಳ್ಳಬೇಡಿ. ಹೊರಡುವ ಮುನ್ನಾದಿನ ಮೂರೂವರೆ ಡಿಗ್ರಿ ಬಿಸಿಲು ಬಂದು ಮತ್ತೆ ಕೆಂಪು ಬಾವುಟ ಏರಿತ್ತು. ದಡದಲ್ಲಿ ನಮ್ಮ ಜೊತೆ ಇನ್ನೂ ಹತ್ತಾರು ಮಂದಿ ಸ್ಕೇಟನ್ನು ಹೆಗಲಿಗೆ ನೇತುಹಾಕಿಕೊಂಡು ಸುಮ್ಮನೆ ನಿಂತಿದ್ದರು.