ಹಳೇ ಕಂಪ್ಯೂಟರ್ ಕೊಡೋ ಮುಂಚೆ...

ದೀಪಾವಳಿ ಬಂತೂಂದ್ರೆ ಆಂಟಾಪ್ ಹಿಲ್‌ನ ನಮ್ಮ ಸೊಸೈಟಿಯಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿದ ಮೇಲಂತೂ ಹಳೇ ಕಂಪ್ಯೂಟರುಗಳದ್ದೇ ರಾಶಿ. ಊರಿಂದ ಓದೋಕೆ ಬಂದ ಹುಡುಗನಿಗೆ ಕೊಡೋಣ ಅಂತ ಕೆಲವರು, ಧಾರಾವಿಯ ಗುಜರಿಗೆ ಹಾಕೋಣ ಅಂತ ಕೆಲವರು.

ಬ್ಯಾಂಕಿನವನು ಅಂತ ನನ್ನನ್ನ ಕೇಳ್ತಾರೆ: "ಎಲ್ಲಾ ಡಿಲೀಟ್ ಮಾಡಿದ್ದೀನಿ, ರೀಸೈಕಲ್ ಬಿನ್ನೂ ಖಾಲಿ. ಸಾಕಲ್ವಾ?"

ಸಾಲದು ಸ್ವಾಮಿ. ನಾನು ನೌಕರಿಗೆ ಸೇರಿದಾಗ ದಪ್ಪ ದಪ್ಪ ಲೆಡ್ಜರುಗಳಿದ್ದವು. ಮೊದಲ ಪುಟದ ಇಂಡೆಕ್ಸ್ ಹರಿದು ಹಾಕಿದರೆ ಒಳಗಿನ ಖಾತೆಗಳು ಅಳಿಸಿ ಹೋಗ್ತಿದ್ದವಾ? ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಅನ್ನೋದೂ ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಕೂಡ ಹೊಸ ಇಂಡೆಕ್ಸ್ ಹಾಕುತ್ತೆ, ಹಳೇ ಪುಟಗಳನ್ನ ಮುಟ್ಟೋದಿಲ್ಲ.

ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳನ್ನ ಕೊಂಡು ಪರೀಕ್ಷಿಸಿ 2003ರಲ್ಲಿ ಬರೆದರು. ಓದಲು ಸಿಕ್ಕ 129ರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12! ಒಂದು ಡಿಸ್ಕಂತೂ ಎಟಿಎಂ ಯಂತ್ರದ್ದು, ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾತೆ ಸಂಖ್ಯೆಗಳಿದ್ದವು. ದೊಡ್ಡವರೂ ಕಲಿತಿಲ್ಲ. ಮಾರ್ಗನ್ ಸ್ಟ್ಯಾನ್ಲಿಯ ವಿಭಾಗವೊಂದು ಹಳೇ ಡಿಸ್ಕ್‌ಗಳ ವಿಲೇವಾರಿಯನ್ನ ಸಾಮಾನು ಸಾಗಿಸುವ ಕಂಪನಿಗೆ ವಹಿಸಿತ್ತು. ಕೆಲವು ಡಿಸ್ಕ್‌ಗಳು ಗ್ರಾಹಕರ ಮಾಹಿತಿ ಸಮೇತ ಆನ್‌ಲೈನ್ ಹರಾಜಿಗೆ ಬಂದವು. 2022ರಲ್ಲಿ ತೆತ್ತ ದಂಡ 3.5 ಕೋಟಿ ಡಾಲರ್.

"ನಮ್ಮತ್ರ ಏನಿದೆ ಬಿಡಿ ಕದಿಯೋಕೆ" ಅಂತೀರಿ. ಒಮ್ಮೆ ಫೋಲ್ಡರ್ ತೆಗೆದು ನೋಡಿ. ಮುಂಬೈಯಲ್ಲಿರೋ ನಾವು ಇಡೀ ಕುಟುಂಬದ ಗುಮಾಸ್ತರು. ಅಣ್ಣನ ಪಹಣಿ, ಅತ್ತಿಗೆಯ ಆಧಾರ್, ಅಮ್ಮನ ಪೆನ್ಶನ್ ಪಾಸ್‌ಬುಕ್, ತಂಗಿ ಮಗಳ ಜಾತಕ, ಎಲ್ಲಾ ಸ್ಕ್ಯಾನ್ ಆಗಿ ಕೂತಿರುತ್ತೆ. ನಂಬಿ ಕಳಿಸಿದವರು ಅವರು. ಪ್ಯಾನ್, ಆಧಾರ್, ಸಹಿ ಒಂದೇ ಕಡೆ ಸಿಕ್ಕರೆ ಅವರ ಹೆಸರಲ್ಲಿ ಸಾಲಕ್ಕೆ ಅರ್ಜಿ ಹಾಕೋಕೆ ಮೋಸಗಾರನಿಗೆ ಮುಕ್ಕಾಲು ದಾರಿ ಸಾಗಿದ ಹಾಗೆ. ವಸೂಲಿಯವರು ಬಾಗಿಲು ತಟ್ಟೋದು ಊರಲ್ಲಿ, ನಮ್ಮಲ್ಲಲ್ಲ.

ಮಾಡೋದು ಇಷ್ಟೇ. ಮೊದಲು ಫೋಟೋ, ಕಾಗದಪತ್ರ ಬೇರೆ ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿ ಖಾತ್ರಿ ಮಾಡ್ಕೊಳ್ಳಿ. ಅಳಿಸಿದ ಮೇಲೆ ಅತ್ತರೆ ಬರೋದಿಲ್ಲ. ವಿಂಡೋಸ್ 10 ಅಥವಾ 11 ಇದ್ದರೆ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿ, ಸೆಟ್ಟಿಂಗ್ಸ್ ಬದಲಿಸಿ 'ಕ್ಲೀನ್ ಡೇಟಾ' ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಚ್ಚಿ ಮಲಗಿ. 35 ಸಲ ಅಳಿಸಬೇಕು ಅನ್ನೋದು ಹಳೇ ಮಾತು, ಈಗಿನ ಹಾರ್ಡ್ ಡಿಸ್ಕಿಗೆ ಪೂರ್ತಿ ಒಂದು ಸಲ ಬರೆದರೆ ಸಾಕು. ಎಸ್‌ಎಸ್‌ಡಿ ಆದರೆ ಮೇಲೆ ಬರೆಯೋದನ್ನ ನೆಚ್ಚಬೇಡಿ, ಅದರೊಳಗೆ ಬರಹ ಜಾಗ ಬದಲಿಸ್ತಾ ಇರುತ್ತೆ. ತಯಾರಕರ 'ಸೆಕ್ಯೂರ್ ಇರೇಸ್' ಬಳಸಿ. ಯಂತ್ರ ಸತ್ತೇ ಹೋಗಿದ್ರೆ ಡಿಸ್ಕ್ ಬಿಚ್ಚಿ ಇಟ್ಕೊಂಡು ಉಳಿದದ್ದು ಕೊಡಿ.

ಹೆದರಿ ಅಟ್ಟದಲ್ಲೇ ಕೊಳೆ ಹಾಕಬೇಡಿ ಮಾತ್ರ. ಆ ಹುಡುಗನಿಗೆ ಅದರಿಂದ ನಿಜವಾಗ್ಲೂ ಉಪಯೋಗವಿದೆ. ಪಕ್ಕದ ಮನೆ ಪಾತ್ರೆಯನ್ನ ಖಾಲಿ ವಾಪಸ್ ಕೊಡಬಾರದು ಅಂತಾರೆ ನಮ್ಮ ಕಡೆ. ಕಂಪ್ಯೂಟರನ್ನ ಮಾತ್ರ ಪೂರ್ತಿ ಖಾಲಿ ಮಾಡಿಯೇ ಕೊಡಿ!